ಅಡಿಕೆ ತೋಟಕ್ಕೆ ತೇವಾಂಶ ಅಳೆಯುವ ವೈರ್‌ಲೆಸ್ ಜಾಲ: ಮೊದಲು ಅಳತೆ, ಆಮೇಲೆ ಪೆಟ್ಟಿಗೆ

ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೋ ಮಾಡ್ಯೂಲಿನ ಜಾಹೀರಾತಿನಲ್ಲಿ ‘10 ಕಿಲೋಮೀಟರ್’ ಎಂದಿರುತ್ತದೆ. ಬಯಲಿನಲ್ಲಿ, ಎರಡೂ ಆಂಟೆನಾಗಳು ಎತ್ತರದಲ್ಲಿದ್ದರೆ ಅದು ಸುಳ್ಳಲ್ಲ. ಆದರೆ ಮಲೆನಾಡಿನ ತೋಟ ಇರುವುದು ಕಣಿವೆಯ ತಳದಲ್ಲಿ, ಮನೆ ಇರುವುದು ದಿಬ್ಬದ ಮೇಲೆ. ನಡುವೆ ಮೆಣಸಿನ ಬಳ್ಳಿ ಹಬ್ಬಿದ ಮರಗಳು, ಬಾಳೆ, ಕೋಕೋ. ಮಳೆಗಾಲದಲ್ಲಿ ಈ ಎಲೆಗಳೆಲ್ಲ ತೊಯ್ದು ನಿಂತಾಗ 400 ಮೀಟರ್ ದಾಟುವುದೂ ಕಷ್ಟವಾಗಬಹುದು. ಅದಕ್ಕೇ ಪೆಟ್ಟಿಗೆ ನೇತುಹಾಕುವ ಮೊದಲು ಮೂರು ಅಳತೆ ಮಾಡಿಕೊಳ್ಳಿ: ಸಿಗ್ನಲ್, ಬೋರ್ಡ್ ಕೆಲಸವಿಲ್ಲದೆ ನಿದ್ರಿಸುವಾಗ ಎಳೆಯುವ ಕರೆಂಟು, ನಿಮ್ಮದೇ ಮಣ್ಣು. ಜಾಲ ಕೈಕೊಡುವುದು ಹೆಚ್ಚಾಗಿ ಈ ಮೂರರಲ್ಲೊಂದನ್ನು ಬಿಟ್ಟಾಗಲೇ.

ಇಲ್ಲಿನ ಲೆಕ್ಕವೆಲ್ಲ ಸುಮಾರು 3 ಎಕರೆ ತೋಟ, 6 ನೋಡ್ (ತೇವಾಂಶ ಅಳೆದು ಕಳಿಸುವ ಪೆಟ್ಟಿಗೆ), ಮನೆಯಲ್ಲೊಂದು ಗೇಟ್‌ವೇ (ಅವುಗಳ ಸಂದೇಶ ಹಿಡಿಯುವ ಪೆಟ್ಟಿಗೆ) ಇರುವ ಜಾಲಕ್ಕೆ.

ಬೇಕಾದ ಸಾಮಾನು

ಪ್ರತಿ ನೋಡ್‌ಗೆ 3.3 ವೋಲ್ಟ್, 8 ಮೆಗಾಹರ್ಟ್ಸ್‌ನ ಆರ್ಡುಯಿನೋ ಪ್ರೊ ಮಿನಿ ಬೋರ್ಡ್ ಒಂದು, 868 ಮೆಗಾಹರ್ಟ್ಸ್‌ನ ಆರ್‌ಎಫ್‌ಎಂ95 ಲೋರಾ ಮಾಡ್ಯೂಲ್ ಒಂದು, ಎಂಸಿಪಿ1700 ರೆಗ್ಯುಲೇಟರ್ (3.3 ವೋಲ್ಟ್‌ನದು), 2600 ಎಂಎಎಚ್‌ನ 18650 ಸೆಲ್, ಮಣ್ಣಿನ ತೇವಾಂಶಕ್ಕೆ ಎರಡು ಕೆಪಾಸಿಟಿವ್ ಸೆನ್ಸರ್, ಮಣ್ಣಿನ ಉಷ್ಣಾಂಶಕ್ಕೆ ಒಂದು ಪ್ರೋಬ್, ಐಪಿ65 ಪೆಟ್ಟಿಗೆ ಮತ್ತು ಕೇಬಲ್ ಗ್ಲ್ಯಾಂಡ್‌ಗಳು. ಖರೀದಿಸುವಾಗ ಮಾಡ್ಯೂಲಿನ ಆವರ್ತನ ನೋಡಿಕೊಳ್ಳಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 915ರದು ಅಮೆರಿಕದ ಬ್ಯಾಂಡಿನದು. ಆ ಬ್ಯಾಂಡಿನ ಒಂದು ಭಾಗ ಇಲ್ಲಿ ಮೊಬೈಲ್ ಸೇವೆಗೆ ಹಂಚಿಕೆಯಾಗಿದೆ.

ಆಂಟೆನಾಗೆ ನೇರವಾದ ತಾಮ್ರದ ತಂತಿಯೇ ಸಾಕು. 866 ಮೆಗಾಹರ್ಟ್ಸ್‌ಗೆ ಕಾಲು ತರಂಗ ಲೆಕ್ಕದಲ್ಲಿ 8.66 ಸೆಂ.ಮೀ. ಬರುತ್ತದೆ, ತಂತಿಯನ್ನು 8.2ಕ್ಕೆ ಕತ್ತರಿಸಿ. ಆಂಟೆನಾ ಬೆಸುಗೆಯಾಗುವ ಮುಂಚೆ ‘ಒಂದ್ಸಲ ನೋಡೋಣ’ ಎಂದು ಟ್ರಾನ್ಸ್‌ಮಿಟ್ ಮಾಡಿಸಬೇಡಿ. ಹೊರಗೆ ಹೋಗಬೇಕಾದ ಶಕ್ತಿ ಒಳಕ್ಕೇ ಮರಳಿ ಆಂಪ್ಲಿಫೈಯರ್ ಕೆಡಬಹುದು.

ತೋಟ ಸುತ್ತಿ ಸಿಗ್ನಲ್ ಅಳೆಯುವುದು

ಐದು ಸೆಕೆಂಡಿಗೊಮ್ಮೆ ಸರಣಿ ಸಂಖ್ಯೆ ಕಳಿಸುವ ಒಂದು ನೋಡನ್ನು ಕೋಲಿನ ತುದಿಗೆ ಕಟ್ಟಿ. ಕೈಯಲ್ಲಿ ಹಿಡಿದರೆ ಮೈಯೇ ಸಿಗ್ನಲ್ಲನ್ನು ಹೀರಿಕೊಳ್ಳುತ್ತದೆ. ಮನೆಯಲ್ಲಿ ಕಾರ್ಬನ್ ಫೈಬರ್ ದೋಟಿ ಇದ್ದರೆ ಅದನ್ನು ಬಳಸಬೇಡಿ. ಕಾರ್ಬನ್ ವಿದ್ಯುತ್ ವಾಹಕ, ಪಕ್ಕದಲ್ಲಿರುವ ಆಂಟೆನಾದ ಶ್ರುತಿಯನ್ನೇ ಕೆಡಿಸುತ್ತದೆ. ಬಿದಿರು ಅಥವಾ ಪಿವಿಸಿ ಪೈಪ್ ಆಗುತ್ತದೆ. ಗೇಟ್‌ವೇ ಎಲ್ಲಿ ಕೂರಲಿದೆಯೋ ಅಲ್ಲೇ ರಿಸೀವರ್ ಇಟ್ಟು ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಬಲವಾಗಿದೆ ಎಂಬ ಅಳತೆ) ದಾಖಲಾಗುವಂತೆ ಮಾಡಿ. ನೋಡ್ ಬರುವ ಪ್ರತಿ ಜಾಗದಲ್ಲೂ 50 ಪ್ಯಾಕೆಟ್ (ಸಂದೇಶ) ಆಗುವವರೆಗೆ, ಅಂದರೆ ನಾಲ್ಕು ನಿಮಿಷಕ್ಕೂ ತುಸು ಹೆಚ್ಚು ಹೊತ್ತು, ನಿಲ್ಲಿ. ನೋಡ್‌ನ ಕೊನೆಯ ಎತ್ತರ ಎಷ್ಟೋ ಅಷ್ಟೇ ಎತ್ತರದಲ್ಲಿ ಕೋಲು ಹಿಡಿಯಿರಿ.

ಅಡಿಕೆ ಮರದ ಸೋಗೆ ಮೇಲಿರುತ್ತದೆ, ಕೆಳಗೆ ಬರೀ ಕಾಂಡ. ಹಾಗಾಗಿ ನೆಲದಿಂದ 2.5–3 ಮೀಟರ್ ಎತ್ತರದಲ್ಲಿ ರೇಡಿಯೋಗೆ ಒಂದಿಷ್ಟು ದಾರಿ ಇರುತ್ತದೆ. ಬಾಳೆ, ಕೋಕೋ ದಟ್ಟವಾಗಿರುವ ಕಡೆ ಅದೂ ಮುಚ್ಚಿಹೋಗಿರುತ್ತದೆ. ಒಂದು ಮೀಟರ್ ಎತ್ತರದಲ್ಲಿ ಸಿಗದ ಪ್ಯಾಕೆಟ್ ಮೂರು ಮೀಟರ್‌ಗೆ ಏರಿಸಿದರೆ ಸಿಗುವುದುಂಟು. 400 ಮೀಟರ್ ಅಂತರಕ್ಕೆ ನಟ್ಟನಡುವೆ ಈ ರೇಡಿಯೋ ತರಂಗಕ್ಕೆ ಸುಮಾರು 6 ಮೀಟರ್ ತ್ರಿಜ್ಯದ ಖಾಲಿ ಜಾಗ ಬೇಕು. ಕಣ್ಣಿಗೆ ಮನೆ ಕಂಡರೆ ಸಾಲದು ಎನ್ನುವುದು ಇದಕ್ಕೇ.

ಎಸ್‌ಎಫ್ ಎಂದರೆ ಸಂದೇಶವನ್ನು ಎಷ್ಟು ನಿಧಾನವಾಗಿ ಕಳಿಸಬೇಕೆಂಬ ಲೋರಾ ಸೆಟ್ಟಿಂಗ್; ಸಂಖ್ಯೆ ಹೆಚ್ಚಿದಷ್ಟೂ ನಿಧಾನ, ಆದರೆ ದೂರ ತಲುಪುತ್ತದೆ. ಎಸ್‌ಎಫ್9, 125 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ನಿಂದ ಶುರುಮಾಡಿ. ಇದರಲ್ಲಿ ಎಸ್‌ಎನ್‌ಆರ್ −12.5 ಡಿಬಿಗೆ ಇಳಿಯುವವರೆಗೂ ಸಂದೇಶ ಬಿಡಿಸಲು ಬರುತ್ತದೆ. ಆದರೂ 10 ಡಿಬಿ ಮೀಸಲು ಬೇಕು. ಅಂದರೆ ಒಣ ದಿನ −2.5ಕ್ಕಿಂತ ಮೇಲಿರಬೇಕು, 50ಕ್ಕೆ 48 ಪ್ಯಾಕೆಟ್ ಬಂದಿರಬೇಕು. ಆಮೇಲೆ ಒಂದು ದಿನ ಮಳೆ ನಿಂತ ಕೂಡಲೇ, ಎಲೆಯಲ್ಲಿ ನೀರಿರುವಾಗಲೇ ಇದೇ ಸುತ್ತು ಇನ್ನೊಮ್ಮೆ ಹಾಕಿ. ಬೇಸಿಗೆಯಲ್ಲಷ್ಟೇ ಅಳೆದು ಕಟ್ಟಿದ ಜಾಲ ಜೂನ್‌ನಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ.

ಸಿಗ್ನಲ್ ಸಾಲದೆ ಹೋದರೆ ಎಲ್ಲರ ಕೈ ಮೊದಲು ಹೋಗುವುದು ಎಸ್‌ಎಫ್12ಕ್ಕೆ. ಅದು ಕೊನೆಯ ದಾರಿಯಾಗಿರಲಿ. 12 ಬೈಟಿನ ಸಂದೇಶಕ್ಕೆ ಎಸ್‌ಎಫ್7ರಲ್ಲಿ 41 ಮಿಲಿಸೆಕೆಂಡ್, 9ರಲ್ಲಿ 144, 12ರಲ್ಲಿ 1155 ಹಿಡಿಯುತ್ತದೆ. 9ರಿಂದ 12ಕ್ಕೆ ಹೋದರೆ ಕಳಿಸಲು ಆಗುವ ಬ್ಯಾಟರಿಯ ಖರ್ಚೂ ಎರಡು ನೋಡ್ ಡಿಕ್ಕಿಯಾಗುವ ಸಂಭವವೂ ಎಂಟು ಪಟ್ಟಾಗುತ್ತದೆ, ಸಿಗುವ ಲಾಭ 7.5 ಡಿಬಿ ಮಾತ್ರ. ಆಂಟೆನಾ ಏರಿಸಿ, ಆಗಲೂ ಆಗದಿದ್ದರೆ ದಿಬ್ಬದ ಅಂಚಿನಲ್ಲಿ ಒಂದು ರಿಲೇ ನೋಡ್ ನಿಲ್ಲಿಸಿ.

ರಿಲೇ ಎಂದರೆ ನೋಡ್‌ಗಳು ತಮ್ಮತಮ್ಮಲ್ಲೇ ಕಟ್ಟಿಕೊಳ್ಳುವ ಅಡ್‌ಹಾಕ್ ಜಾಲದ ಹಳೆಯ ಉಪಾಯವೇ: ಕೇಳಿಸಿಕೊಂಡಿದ್ದನ್ನು ಮುಂದಕ್ಕೆ ಹೇಳುವುದು. ಈ ಶತಮಾನದ ಮೊದಲ ದಶಕದಲ್ಲಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಹೊಲಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್ ಸೇರಿ ಸೆನ್ಸರ್ ಜಾಲದ ಪ್ರಯೋಗ ನಡೆಸಿದ್ದವು; ಆ ಕಾಲದ ರೇಡಿಯೋಗಳ ವ್ಯಾಪ್ತಿ ಕಡಿಮೆ, ನೋಡ್‌ನಿಂದ ನೋಡ್‌ಗೆ ಹಾಯಿಸುವುದು ಅನಿವಾರ್ಯವಾಗಿತ್ತು. ಇಂದು ಒಂದು ತೋಟಕ್ಕೆ ಒಂದು ರಿಲೇ ಸಾಕು. ಎರಡು ಹಾಪ್ (ಒಂದು ರೇಡಿಯೋದಿಂದ ಇನ್ನೊಂದಕ್ಕೆ ಒಂದು ನೆಗೆತ) ದಾಟಬೇಡಿ. ಸಂದೇಶದಲ್ಲಿ ನೋಡ್ ಸಂಖ್ಯೆಗೆ 1 ಬೈಟ್, ಸರಣಿ ಸಂಖ್ಯೆಗೆ 2, ಎರಡು ಆಳದ ತೇವಾಂಶಕ್ಕೆ 4, ಉಷ್ಣಾಂಶಕ್ಕೆ 2, ಬ್ಯಾಟರಿಗೆ 2, ಹಾಪ್ ಎಣಿಕೆಗೆ 1 ಇಡಿ. ಒಂದೇ ನೋಡ್, ಒಂದೇ ಸರಣಿ ಸಂಖ್ಯೆ ಎರಡನೇ ಸಲ ಬಂದರೆ ರಿಲೇ ಅದನ್ನು ಬಿಟ್ಟುಬಿಡಬೇಕು. ಇಲ್ಲವಾದರೆ ಎರಡು ರಿಲೇ ಇರುವ ಕಡೆ ಅದೇ ಸಂದೇಶ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತದೆ. ಪ್ರತಿ ನೋಡ್ ಕಳಿಸುವ ಮೊದಲು 0–30 ಸೆಕೆಂಡಿನಷ್ಟು ಯಾದೃಚ್ಛಿಕವಾಗಿ ನಿದ್ರಿಸಲಿ, ಆಗ ಒಟ್ಟಿಗೆ ಆನ್ ಮಾಡಿದ ನೋಡ್‌ಗಳು ಒಟ್ಟಿಗೇ ಕೂಗಿಕೊಳ್ಳುವುದು ತಪ್ಪುತ್ತದೆ.

ರಿಲೇ ಸದಾ ಕಿವಿ ತೆರೆದಿರಬೇಕು. ಬರೀ ಆಲಿಸಲು 11 ಮಿಲಿಆಂಪ್ ಎಂದರೂ ದಿನಕ್ಕೆ 264 ಎಂಎಎಚ್ ಬೇಕು. ಅದಕ್ಕೆ 18650 ಸೆಲ್ ಮೂರನ್ನು ಸಮಾನಾಂತರವಾಗಿ ಜೋಡಿಸಿ, ಸಂರಕ್ಷಣೆ ಇರುವ ಚಾರ್ಜರ್ ಜೊತೆ 3 ವ್ಯಾಟ್‌ನ ಸೋಲಾರ್ ಫಲಕ ಹಾಕಿ. ಬಿಸಿಲೇ ಇಲ್ಲದೆಯೂ ಎರಡು ವಾರ ಮೀರಿ ತಡೆಯುತ್ತದೆ.

ಬ್ಯಾಟರಿ ಖಾಲಿಯಾಗುವುದು ನಿದ್ರೆಯಲ್ಲಿ

ಇದು ಅನೇಕರಿಗೆ ನಂಬಲು ಕಷ್ಟ. 15 ನಿಮಿಷಕ್ಕೊಮ್ಮೆ ಎಸ್‌ಎಫ್9ರಲ್ಲಿ, 17 ಡಿಬಿಎಂ ಶಕ್ತಿಯಲ್ಲಿ ಕಳಿಸಿದರೆ ಸೆನ್ಸರ್ ಓದುವುದೂ ಸೇರಿ ದಿನಕ್ಕೆ ಸುಮಾರು ಅರ್ಧ ಎಂಎಎಚ್ ಮಾತ್ರ ಖರ್ಚು. ಆದರೆ ಬೋರ್ಡ್ ನಿದ್ರೆಯಲ್ಲಿ 2 ಮಿಲಿಆಂಪ್ ಎಳೆಯುತ್ತಿದ್ದರೆ ದಿನಕ್ಕೆ 48 ಎಂಎಎಚ್! 2600ರ ಸೆಲ್ಲಿನಲ್ಲಿ ನೂರಕ್ಕೆ 70 ಪಾಲು ಬಳಸಿದರೂ 38 ದಿನಕ್ಕೆ ಮುಗಿಯಿತು. ಪ್ರೊ ಮಿನಿಯ ಮೇಲಿನ ಪವರ್ ಎಲ್‌ಇಡಿಯನ್ನೂ ರೆಗ್ಯುಲೇಟರನ್ನೂ ಕಿತ್ತು, ಎಂಸಿಪಿ1700 ಮೂಲಕ ವಿದ್ಯುತ್ ಕೊಡಿ. ರೇಡಿಯೋವನ್ನು ಸ್ಟ್ಯಾಂಡ್‌ಬೈನಲ್ಲಿ ಬಿಡದೆ ಸ್ಲೀಪ್ ಮೋಡ್‌ಗೆ ಕಳಿಸಿ. ಸೆನ್ಸರಿಗೆ ಪಿನ್‌ನಿಂದಲೇ ವಿದ್ಯುತ್ ಕೊಟ್ಟರೆ ಓದಿದ ಕೂಡಲೇ ಆರಿಸಬಹುದು. ಮಲ್ಟಿಮೀಟರನ್ನು ಮೈಕ್ರೋಆಂಪ್ ಶ್ರೇಣಿಗೆ ಹಾಕಿ ಬ್ಯಾಟರಿಯ ಸರಣಿಯಲ್ಲಿ ಜೋಡಿಸಿ ನೋಡಿ: 10ರ ಆಸುಪಾಸು ತೋರಿಸಬೇಕು. ನೋಡ್ ಎಚ್ಚರವಾಗುವಾಗ ಆ ಶ್ರೇಣಿಯಲ್ಲಿ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ, ಅದಕ್ಕೆ ಮೀಟರಿನ ಎರಡು ತುದಿಗೆ ಅಡ್ಡವಾಗಿ ಒಂದು ವೈರ್ ಹಿಡಿದು, ನಿದ್ರೆಗೆ ಜಾರಿದ ಮೇಲೆ ತೆಗೆಯಿರಿ.

ಸೆನ್ಸರ್ ಮತ್ತು ಮಣ್ಣು

ಅಗ್ಗದ ಕೆಪಾಸಿಟಿವ್ ಸೆನ್ಸರಿನಲ್ಲಿ ಎರಡು ದೋಷ ಸಾಮಾನ್ಯ. ಕೆಲವದರಲ್ಲಿ ಟಿಎಲ್‌ಸಿ555 ಬದಲು ಎನ್‌ಇ555 ಚಿಪ್ ಹಾಕಿರುತ್ತಾರೆ, ಅದು 3.3 ವೋಲ್ಟ್‌ನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಇನ್ನೊಂದು, ಕತ್ತರಿಸಿದ ಅಂಚಿನಿಂದ ಬೋರ್ಡ್ ನೀರು ಹೀರಿ, ಕೆಲವು ವಾರಗಳಲ್ಲಿ ಒಣ ಮಣ್ಣನ್ನೂ ‘ಒದ್ದೆ’ ಎನ್ನತೊಡಗುತ್ತದೆ. ಅಂಚಿಗೆ ಮೂರು ಸಲ ನೇಲ್ ಪಾಲಿಶ್ ಬಳಿದು ಒಣಗಿಸಿ, ಮೇಲಿನ ಚಿಪ್ ಭಾಗವನ್ನು ಎಪಾಕ್ಸಿಯಲ್ಲಿ ಮುಚ್ಚಿ.

ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಜರಡಿ ಹಿಡಿದ ತೋಟದ ಮಣ್ಣನ್ನು 2 ಲೀಟರ್ ಡಬ್ಬಿಗೆ ಗುರುತಿನವರೆಗೆ ಅದುಮಿ ತುಂಬಿ. ಸೆನ್ಸರ್ ಚುಚ್ಚಿ 20 ಓದುಗಳ ಸರಾಸರಿ ಬರೆದುಕೊಳ್ಳಿ. ಮಣ್ಣು ಸುರಿದು 100 ಮಿ.ಲೀ. ನೀರು ಕಲಸಿ, ಅದೇ ಗುರುತಿಗೆ ಮತ್ತೆ ತುಂಬಿ, ಕಾಲು ಗಂಟೆ ಬಿಟ್ಟು ಓದಿ. ಪ್ರತಿ 100 ಮಿ.ಲೀ.ಗೆ ತೇವಾಂಶ 5 ಶೇಕಡ ಏರುತ್ತದೆ. ಏಳು ಸಲ ಮಾಡಿದರೆ ನಿಮ್ಮ ಮಣ್ಣಿನ ರೇಖೆ ಸಿಕ್ಕಿತು. ಬೇರೆಯವರ ಮಣ್ಣಿನ ಸಂಖ್ಯೆಯನ್ನು ಜಂಬಿಟ್ಟಿಗೆ ನೆಲಕ್ಕೆ ತಂದು ಹಾಕಿದರೆ ನೀರು ಬಿಡುವ ದಿನವೇ ತಪ್ಪಾಗುತ್ತದೆ.

ಹೂಳುವಾಗ ಮರದಿಂದ 60–75 ಸೆಂ.ಮೀ. ದೂರದಲ್ಲಿ ಗುಂಡಿ ತೆಗೆದು, ಗುಂಡಿಯ ಗೋಡೆಗೆ, ಅಗೆಯದ ಮಣ್ಣಿಗೆ, ಅಡ್ಡಲಾಗಿ ಚುಚ್ಚಿ: ಒಂದು 20 ಸೆಂ.ಮೀ. ಆಳದಲ್ಲಿ, ಇನ್ನೊಂದು 40ರಲ್ಲಿ. ಕಲ್ಲು ಅಡ್ಡ ಬಂದರೆ ಜಾಗ ಬದಲಿಸಿ. ಕೂದಲೆಳೆಯಷ್ಟು ಗಾಳಿಯ ಸಂದು ಉಳಿದರೂ ಓದು ಒಣವೆಂದೇ ಬರುತ್ತದೆ. ಡ್ರಿಪ್ಪರ್‌ನ ನೇರ ಕೆಳಗೆ ಬೇಡ, 15–20 ಸೆಂ.ಮೀ. ಪಕ್ಕದಲ್ಲಿರಲಿ.

ಪೆಟ್ಟಿಗೆಯ ಗ್ಲ್ಯಾಂಡ್ ಕೆಳಮುಖವಾಗಿರಲಿ, ವೈರ್ ಒಳಹೋಗುವ ಮುನ್ನ ಒಂದು ಜೋಲು ಬಿಡಿ. ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಅಡಿಕೆ ಮರಕ್ಕೆ ಕಟ್ಟುವ ಬದಲು ಎರಡು ಸಾಲಿನ ನಡುವೆ ಪಿವಿಸಿ ಪೈಪ್ ನೆಟ್ಟರೆ ಬೀಳುವ ಸೋಗೆಯ ಪೆಟ್ಟು ಕಡಿಮೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಪೆಟ್ಟಿಗೆಗೂ ಸೋಲಾರ್ ಫಲಕಕ್ಕೂ ಪ್ಲಾಸ್ಟಿಕ್ ಚೀಲ ಕಟ್ಟಿಬಿಡಿ. ಸುಣ್ಣದ ಪದರ ಫಲಕವನ್ನು ಮಂಕಾಗಿಸುತ್ತದೆ, ಮೈಲುತುತ್ತ ಕನೆಕ್ಟರ್‌ಗಳನ್ನು ತಿನ್ನುತ್ತದೆ. ಔಷಧಿ ಕೆಲಸ ಮುಗಿದ ಸಂಜೆಯೇ ಚೀಲ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಪ್ರತಿ ನೋಡ್‌ನ ಬ್ಯಾಟರಿ ಓದು 3.5 ವೋಲ್ಟ್‌ಗಿಂತ ಮೇಲಿದೆಯೇ ನೋಡಿ. ಅದಕ್ಕಿಂತ ಕೆಳಗಿಳಿದರೆ ರೆಗ್ಯುಲೇಟರ್ 3.3 ಕೊಡಲಾಗದೆ ತೇವಾಂಶದ ಸಂಖ್ಯೆಯೂ ಜಾರುತ್ತದೆ. ಆ ನೋಡ್‌ನ ಓದನ್ನು ಸೆಲ್ ಬದಲಿಸುವವರೆಗೆ ಲೆಕ್ಕಕ್ಕೆ ಹಿಡಿಯಬೇಡಿ.