ಬೆಳಗಿನ ಲಾಂಚ್ ಬರುವ ತನಕ: ಮಲೆನಾಡಿನ ಥ್ರಿಲ್ಲರ್ ಬರೆದ ನನ್ನ ಅನುಭವ

ಹಳ್ಳಿಯ ಕ್ರೈಂ ಥ್ರಿಲ್ಲರ್‌ಗಳಲ್ಲಿ ಒಂದು ದೃಶ್ಯ ಇದ್ದೇ ಇರುತ್ತದೆ. ಊರಿನ ಜನ ದೊಣ್ಣೆ, ಕತ್ತಿ ಹಿಡಿದು ಬೀದಿ ತುಂಬಾ ಬರುತ್ತಾರೆ. ಮಧ್ಯೆ ಖಳ, ಹಿಂದೆ ತಮಟೆ ಸದ್ದು. ಬಯಲುಸೀಮೆಗೆ ಇದು ಹೊಂದುತ್ತದೆ. ಅಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಒಬ್ಬ ಕೂಗಿದರೆ ಕೇರಿಯೇ ಹೊರಗೆ ಬರುತ್ತದೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬೀದಿ ಎಲ್ಲಿದೆ? ಪಕ್ಕದ ಮನೆಗೆ ಹೋಗಬೇಕಾದರೆ ಒಂದು ತೋಟ, ಒಂದು ಕಾಲುಸಂಕ, ಒಂದು ಗುಡ್ಡ ದಾಟಬೇಕು. ಗುಂಪು ಸೇರುವಷ್ಟರಲ್ಲಿ ಅರ್ಧ ಜನರ ಸಿಟ್ಟು ಇಳಿದಿರುತ್ತದೆ, ಇನ್ನರ್ಧ ಜನ ಕವಳ (ಎಲೆ-ಅಡಿಕೆ) ಹಾಕುತ್ತಾ ಕೂತಿರುತ್ತಾರೆ.

ಹಾಗಾಗಿ ಕಾದಂಬರಿಗೆ ಕೂತಾಗ ಆ ದೃಶ್ಯವನ್ನು ಮೊದಲೇ ಕೈಬಿಟ್ಟೆ. ಇಲ್ಲಿ ಊರೆಲ್ಲ ಸೇರಿ ಹೊಡೆಯುವುದು ಕಷ್ಟ. ಊರೆಲ್ಲ ಸೇರಿ ಬಾಯಿ ಮುಚ್ಚಿಕೊಳ್ಳುವುದು ಸಲೀಸು. ನನಗೆ ಬೇಕಾಗಿದ್ದ ಕಥೆ ಅದೇ.

ಅಪರಾಧ ಯಾವುದು ಅಂತ ಜಾಸ್ತಿ ಯೋಚಿಸಲಿಲ್ಲ. ಮರಳು, ಗಂಧ, ನಾಟಾ ದಂಧೆ ಎಲ್ಲ ಇದೆ. ಆದರೆ ಅಲ್ಲಿ ದೊಡ್ಡ ಕುಳಗಳು ಬರುತ್ತಾರೆ, ಕಥೆ ಬೆಂಗಳೂರಿಗೆ ಓಡುತ್ತದೆ. ಅಡಿಕೆ ಕಳ್ಳತನ ಊರೊಳಗೇ ಇರುತ್ತದೆ. ಕಥೆ ನಡೆಯುವ 2024ರಲ್ಲಿ ರಾಶಿ ಅನ್ನುವ ಬಗೆಯ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿಯ ಆಚೆ ಈಚೆ ಓಡಾಡುತ್ತಿತ್ತು. ಎರಡು ಚೀಲ ಹೋದರೆ ಕ್ವಿಂಟಾಲು ದಾಟಿತು. ಎರಡು ಚೀಲ ಬೈಕಿನ ಮೇಲೂ ಹೋಗುತ್ತದೆ.

ಸೇಡಿನ ಕಥೆ ಬರೆಯುವವರೆಲ್ಲ ಉತ್ತರ ಕೊಡಲೇಬೇಕಾದ ಪ್ರಶ್ನೆ ಒಂದಿದೆ: ಇವರು ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ? "ಪೊಲೀಸರೆಲ್ಲ ಖಳನ ಕಡೆಯವರು" ಅಂತ ಬರೆದುಬಿಡುವುದು ಸೋಮಾರಿತನ. ಓದುಗ ಒಂದು ಪುಟ ನಂಬುತ್ತಾನೆ, ಆಮೇಲೆ ಅವನಿಗೆ ಎಲ್ಲವೂ ಕಟ್ಟಿದ್ದು ಅಂತ ಗೊತ್ತಾಗುತ್ತದೆ. ಅಡಿಕೆ ವಿಷಯದಲ್ಲಿ ಉತ್ತರ ಹುಡುಕುತ್ತಾ ಹೋದರೆ ಪೊಲೀಸರನ್ನು ಕೆಟ್ಟವರು ಮಾಡುವ ಅಗತ್ಯವೇ ಬರಲಿಲ್ಲ. ಕದ್ದ ಬೈಕಿಗೆ ನಂಬರ್ ಇರುತ್ತದೆ. ಅಡಿಕೆಗೆ ಏನಿದೆ? ನನ್ನ ಅಂಗಳದ ಚಾಲಿ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿದ ಅಡಿಕೆ) ನಿಮ್ಮ ಅಂಗಳದ ಚಾಲಿಯ ಜೊತೆ ಸೇರಿದ ಮೇಲೆ ಬ್ರಹ್ಮ ಬಂದರೂ ಬೇರೆ ಮಾಡಲಾರ. ಬಿಲ್ಲಿಲ್ಲದೆ ಕೊಳ್ಳುವವರೂ ಇದ್ದಾರೆ.

ಇನ್ನೊಂದು ಕಾರಣ ಒಬ್ಬ ಕೊನೆಗೌಡನ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನ ಜೊತೆ ಮಾತಾಡುವಾಗ ಸಿಕ್ಕಿತು. ಸುಗ್ಗಿಯಲ್ಲಿ ಮರ ಹತ್ತುವವರಿಗೆ ಎಷ್ಟು ಬೇಡಿಕೆ ಅಂತ ತೋಟ ಇದ್ದವರಿಗೆ ಗೊತ್ತು. ಯಾರ ಮೇಲೋ ಅನುಮಾನ ಅಂತ ಕಂಪ್ಲೇಂಟ್ ಕೊಟ್ಟರೆ ಮೊದಲು ಠಾಣೆಗೆ ಕರೆಸುವುದು ಇವರನ್ನೇ. ಮುಂದಿನ ವರ್ಷ ಆ ತೋಟಕ್ಕೆ ಯಾರು ಬರುತ್ತಾರೆ? "ಕಂಪ್ಲೇಂಟ್ ಕೊಡೋರು ದೋಟಿನೂ ತಾವೇ ಹಿಡೀಲಿ ಮಾರಾಯ್ರೆ" ಅಂದ. ದೋಟಿ ಅಂದರೆ ಗೊನೆ ಇಳಿಸುವ ಉದ್ದ ಕೋಲು. ಎರಡು ಚೀಲ ಹೋದದ್ದು ನಷ್ಟ. ಕೊಯ್ಲು ನಿಂತರೆ ವರ್ಷವೇ ಹೋಯಿತು. ಈ ಲೆಕ್ಕ ನನ್ನ ಕಾದಂಬರಿಯ ಮೊದಲ ಮೂವತ್ತು ಪುಟ ಹೊತ್ತುಕೊಂಡು ನಿಂತಿದೆ.

ದೋಟಿ ಅಂದೆ ನೋಡಿ, ಅದು ಪತ್ತೇದಾರಿಗೂ ಕೆಲಸಕ್ಕೆ ಬಂತು. ಮರದ ಮೇಲಿನ ಕೊನೆ ಕದಿಯಬೇಕಾದರೆ ಹಿಂದೆಲ್ಲ ಮರ ಹತ್ತುವ ಕಸುಬು ಬೇಕಿತ್ತು. ಆ ಕಸುಬು ಗೊತ್ತಿದ್ದವರು ಊರಲ್ಲಿ ಬೆರಳೆಣಿಕೆ, ಅನುಮಾನ ಅಲ್ಲೇ ಸುತ್ತುತ್ತಿತ್ತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು. ನನ್ನ ಕಥೆಯಲ್ಲಿ ಊರು ಹಳೆ ಲೆಕ್ಕದಲ್ಲೇ ಕೊನೆಗೌಡನನ್ನು ಅನುಮಾನಿಸುತ್ತಾ ಇರುತ್ತದೆ. ನಿಜವಾದ ಕಳ್ಳ ತೋಟದ ಮಾಲೀಕರ ಅಣ್ಣನ ಮಗ. ಐಪಿಎಲ್ ಬೆಟ್ಟಿಂಗಿನ ಸಾಲ. ಮನೆಯ ದೋಟಿಯನ್ನೇ ತಂದಿರುತ್ತಾನೆ.

ಕಳ್ಳ ಯಾವಾಗಲೂ ಕೂಲಿಯವನೇ ಆಗಿರಬೇಕು ಅನ್ನುವ ಚಾಳಿ ಈ ಬಗೆಯ ಕಥೆಗಳಿಗೆ ಇದೆ. ಹಾಗೆ ಬರೆದರೆ ಅದು ಬೇರೆಯೇ ಕಥೆ. ಜಾತಿ, ದೌರ್ಜನ್ಯ ತಡೆ ಕಾಯ್ದೆ ಎಲ್ಲ ಬರಬೇಕು, ಬರಲೇಬೇಕು. ಅದನ್ನು ಹಿನ್ನೆಲೆಯಲ್ಲಿ ಸುಮ್ನೆ ತೂರಿಸಿ ಥ್ರಿಲ್ ಕೊಡುವುದು ನನಗೆ ಒಗ್ಗಲಿಲ್ಲ.

ಇನ್ನೊಂದು ಸುಲಭದ ತಿರುವು ಇದೆ: ಸಿಕ್ಕಿಬಿದ್ದ ಕಳ್ಳನನ್ನು ಕೊಂದ ಮೇಲೆ ಗೊತ್ತಾಗುತ್ತದೆ, ಸತ್ತವನು ಅಮಾಯಕ. ಕಥೆ ಓದಿದ ಸ್ನೇಹಿತರೆಲ್ಲ ಇದನ್ನೇ ಸೂಚಿಸಿದರು. ನಾನು ಒಪ್ಪಲಿಲ್ಲ. ಅಮಾಯಕನನ್ನು ಕೊಂದದ್ದು ತಪ್ಪು ಅನ್ನುವುದಕ್ಕೆ ಕಾದಂಬರಿ ಯಾಕೆ ಬೇಕು? ಓದುಗ ಉಸ್ಸಪ್ಪ ಅಂತ ತಪ್ಪಿಸಿಕೊಂಡುಬಿಡುತ್ತಾನೆ. ನನ್ನ ಹುಡುಗ ಕದ್ದಿದ್ದಾನೆ, ಒಂದು ಸಲ ಅಲ್ಲ, ಪದೇ ಪದೇ. ವಿಧವೆಯೊಬ್ಬಳ ವರ್ಷದ ಸಂಪಾದನೆಯನ್ನೇ ಎತ್ತಿದ್ದಾನೆ. ಅವನ ಮೇಲೆ ಓದುಗನಿಗೂ ಸಿಟ್ಟು ಬರಬೇಕು. ಆಮೇಲೆ ಅವನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಬೇಕು. ಆಗ ನೋಡೋಣ.

ಕಥೆ ನಡೆಯುವುದು ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ತುಮರಿ ಕಡೆ. ಊರಿನ ಹೆಸರು ಕಟ್ಟಿದ್ದು. ಕಾಲ 2024ರ ಏಪ್ರಿಲ್. ಈ ತಿಂಗಳನ್ನು ಆರಿಸಿದ್ದಕ್ಕೆ ಎರಡು ಕಾರಣ.

ಮೊದಲನೆಯದು ಲಾಂಚ್, ಅಂದರೆ ಹಿನ್ನೀರು ದಾಟಿಸುವ ದೊಡ್ಡ ದೋಣಿ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಅದಕ್ಕೂ ಮೊದಲು ಸಿಗಂದೂರು, ತುಮರಿಗೆ ಸಾಗರದಿಂದ ಹೋಗಬೇಕಾದರೆ ಲಾಂಚ್ ಹತ್ತಬೇಕಿತ್ತು. ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಇಲ್ಲಾಂದರೆ ನಿಟ್ಟೂರು, ನಗರ, ಹೊಸನಗರ ಅಂತ ಘಟ್ಟ ಸುತ್ತಿ ಬರಬೇಕಿತ್ತು. ನನ್ನ ಕಥೆಯಲ್ಲಿ ರಾತ್ರಿ ಒಂಬತ್ತಕ್ಕೆ ಹುಡುಗ ಸಿಕ್ಕಿಬೀಳುತ್ತಾನೆ. ಯಾರೂ ಕೊಲ್ಲುವ ಯೋಚನೆಯಲ್ಲಿ ಇರುವುದಿಲ್ಲ. ಊರಿನ ಮೇಷ್ಟ್ರು ಸಾಗರದ ಕಡೆಯ ಠಾಣೆಗೆ ಫೋನ್ ಮಾಡುತ್ತಾರೆ. "ಬೆಳಿಗ್ಗೆ ಮೊದಲ ಲಾಂಚಿಗೆ ಬರ್ತೀವಿ, ಹುಡುಗನ್ನ ಬಿಡಬೇಡಿ" ಅನ್ನುತ್ತಾರೆ ಆ ಕಡೆಯವರು. ಅಡಿಕೆ ಕಳ್ಳನಿಗಾಗಿ ರಾತ್ರಿ ಲಾಂಚ್ ಎಬ್ಬಿಸುವವರು ಯಾರು? ಅಷ್ಟೇ. ಊರಿಗೆ ಒಂದು ಇಡೀ ರಾತ್ರಿ ಸಿಕ್ಕಿತು. ಅರ್ಧ ಕಾದಂಬರಿ ಆ ರಾತ್ರಿಯದ್ದೇ.

ಕಳ್ಳತನ ಮಾಡುವಾಗ ಕಣ್ಣೆದುರೇ ಸಿಕ್ಕವನನ್ನು ಸಾಮಾನ್ಯ ಮನುಷ್ಯನೂ ಹಿಡಿದು ಇಟ್ಟುಕೊಳ್ಳಬಹುದು ಅಂತ ಕಾನೂನಿನಲ್ಲೇ ಇದೆ. ಹಳೆಯ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) ಅದು 43ನೇ ಸೆಕ್ಷನ್. ಅನಗತ್ಯ ತಡ ಮಾಡದೆ ಪೊಲೀಸರಿಗೆ ಒಪ್ಪಿಸಬೇಕು ಅಂತ ಷರತ್ತು. 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಆರು ಗಂಟೆಯ ಗಡುವು ಹಾಕಿದೆ. ಏಪ್ರಿಲ್‌ನಲ್ಲಿ ಆ ಗಡುವು ಇರಲಿಲ್ಲ. ಮೇಷ್ಟ್ರಿಗೆ ಕಾನೂನು ಗೊತ್ತು. ತಾವು ಸರಿಯಾದದ್ದನ್ನೇ ಮಾಡುತ್ತಿದ್ದೇವೆ ಅಂತ ಮಧ್ಯರಾತ್ರಿಯವರೆಗೂ ನಂಬಿರುತ್ತಾರೆ. ನನಗೆ ಈ ಪಾತ್ರ ಬಹಳ ಇಷ್ಟ.

ಎರಡನೆಯ ಕಾರಣ ಕೋವಿ. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿ ಬಹಳ ಮನೆಗಳಲ್ಲಿ ಇರುತ್ತದೆ. ಚುನಾವಣೆ ಘೋಷಣೆ ಆದರೆ ಸಾಮಾನ್ಯವಾಗಿ ಅವುಗಳನ್ನು ಠಾಣೆಯಲ್ಲಿ ಇಡಿಸುತ್ತಾರೆ. ಲೋಕಸಭೆ ಚುನಾವಣೆ ಘೋಷಣೆ ಆಗಿದ್ದು 2024ರ ಮಾರ್ಚ್ 16ಕ್ಕೆ, ಶಿವಮೊಗ್ಗದಲ್ಲಿ ಮತದಾನ ಮೇ 7ಕ್ಕೆ. ಹಂದಿ, ಮಂಗನ ಕಾಟದಲ್ಲಿ ಕೋವಿ ಇಲ್ಲದೆ ರೈತರು ಬೈದುಕೊಳ್ಳುವ ಸಮಯ. ಬೆಳಗಿನ ಜಾವ ಎರಡು ಗಂಟೆಗೆ ಕೊಟ್ಟಿಗೆಯಲ್ಲಿ ಗುಂಡು ಹಾರುತ್ತದೆ. ಊರಿನ ಲೈಸೆನ್ಸ್ ಕೋವಿಗಳೆಲ್ಲ ಠಾಣೆಯ ಕೋಣೆಯಲ್ಲಿವೆ! ಎಲ್ಲ ಮಾಲೀಕರ ಹತ್ತಿರವೂ ರಸೀದಿ ಇದೆ. ತಾವು ಕೊಟ್ಟ ರಸೀದಿಯನ್ನೇ ಎಸ್‌ಐ ಒಬ್ಬೊಬ್ಬರ ಮನೆಯಲ್ಲೂ ನೋಡಿ ಬರಬೇಕು.

ಹಾಗಾದರೆ ಕಳ್ಳಕೋವಿ. ತೋಟಾ ಹಾಕುವ ಕೋವಿಯಾದರೆ ಖಾಲಿ ತೋಟಾ ಸಿಗುತ್ತದೆ, ಅದರ ಮೇಲಿನ ಪಿನ್ನಿನ ಗುರುತು ಹಿಡಿದು ಪ್ರಯೋಗಾಲಯದವರು ಕೋವಿ ಪತ್ತೆ ಮಾಡಬಹುದು. ನಳಿಗೆಯ ಬಾಯಿಂದಲೇ ಮದ್ದು, ಚರೆ ತುಂಬಿಸುವ ಹಳೆ ಕೇಪಿನ ಕೋವಿಗೆ ತೋಟಾ ಇಲ್ಲ. ನಳಿಗೆಯಲ್ಲಿ ಗೀರು ಇಲ್ಲದ್ದರಿಂದ ಚರೆಯ ಮೇಲೂ ಗುರುತು ಬೀಳುವುದಿಲ್ಲ. ವಿಜ್ಞಾನ ಅಲ್ಲಿಗೆ ನಿಂತಿತು. ಇನ್ನು ಉಳಿದದ್ದು ಜನರ ಬಾಯಿ. ನಾನು ಬಯಸಿದ್ದೂ ಅದನ್ನೇ.

ಗುಂಡಿನ ದೃಶ್ಯವನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದೇನೆ. ವಿಚಾರಣೆಗೆ ಅಧ್ಯಾಯಗಟ್ಟಲೆ ಕೊಟ್ಟಿದ್ದೇನೆ. ಬರೆಯುವಾಗ ಖುಷಿ ಕೊಟ್ಟದ್ದು ಕೊಟ್ಟಿಗೆಯ ಪಕ್ಕದ ಮನೆಯ ಅಜ್ಜಿ:

"ರಾತ್ರಿ ಎರಡು ಗಂಟೆಗೆ ಶಬ್ದ ಕೇಳಿಸಲಿಲ್ವಾ ಅಮ್ಮ?"

"ಕೇಳ್ತು ಸಾರ್. ಯಾರೋ ಮಂಗ ಓಡ್ಸೋಕೆ ಗರ್ನಾಲು ಹೊಡೆದ್ರು ಅಂದ್ಕಂಡೆ."

"ರಾತ್ರಿ ಎರಡು ಗಂಟೆಗೆ ಮಂಗ ಬರುತ್ತಾ?"

"ಈಗಿನ ಮಂಗಕ್ಕೆ ಹೊತ್ತು ಗೊತ್ತು ಎಂತದ್ದೂ ಇಲ್ಲ ಸಾರ್. ಕಾಫಿಗೆ ಬೆಲ್ಲನಾ, ಸಕ್ಕರೆನಾ?"

ಎಸ್‌ಐ ದಡ್ಡ ಅಲ್ಲ. ಸುಳ್ಳು ಅಂತ ಅವನಿಗೆ ಗೊತ್ತು, ಅವನಿಗೆ ಗೊತ್ತು ಅಂತ ಅಜ್ಜಿಗೂ ಗೊತ್ತು. ಕಾಫಿ ಕುಡಿದು ಮುಂದಿನ ಮನೆಗೆ ಹೋಗುತ್ತಾನೆ. ಅಲ್ಲಿಯೂ ಕಾಫಿ. ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಈ ಅಧ್ಯಾಯ ಓದಲು ಕೊಟ್ಟಿದ್ದೆ. ಅವರು ತಿದ್ದಿದ್ದು ಒಂದೇ. ಎಸ್‌ಐ ಮೂರನೇ ಮನೆಯಲ್ಲಿ ಕಾಫಿ ಬೇಡ ಅನ್ನಬೇಕು, ಆಗ ಊರಿಗೆ ಹೆದರಿಕೆ ಶುರುವಾಗುತ್ತದೆ ಅಂದರು. ಹಾಗೇ ಬರೆದೆ.

ನಿಜವಾದ ಪ್ರಕರಣಗಳನ್ನೂ ಓದಿದೆ. 2004ರ ಆಗಸ್ಟ್‌ನಲ್ಲಿ ನಾಗಪುರದಲ್ಲಿ ಹೆಂಗಸರ ಗುಂಪೊಂದು ತಮ್ಮನ್ನು ಕಾಡುತ್ತಿದ್ದ ರೌಡಿಯನ್ನು ಕೋರ್ಟಿನ ಒಳಗೇ ಕೊಂದಿತ್ತು. ಬಂಧಿಸುವುದಾದರೆ ನಮ್ಮೆಲ್ಲರನ್ನೂ ಬಂಧಿಸಿ ಅಂತ ಅವರ ಕಾಲೋನಿಯ ಹೆಂಗಸರು ನಿಂತರು. ಅಲ್ಲಿ "ನಾವೆಲ್ಲ ಮಾಡಿದೆವು." ನನ್ನ ಊರಲ್ಲಿ "ನಾವ್ಯಾರೂ ನೋಡಲಿಲ್ಲ." ಎರಡೂ ಮಾತಿನ ಮುಂದೆ ಪೊಲೀಸರ ಕೈ ಕಟ್ಟಿಹೋಗುತ್ತದೆ. ಆದರೆ ಎರಡಕ್ಕೂ ಬೇಕಾದ ಧೈರ್ಯ ಒಂದೇ ಅಲ್ಲ. ಹಿನ್ನೀರಿನ ಹೆಂಗಸರನ್ನು ನಾಗಪುರದವರ ಹಾಗೆ ವೀರರು ಮಾಡಲು ನನಗೆ ಮನಸ್ಸು ಬರಲಿಲ್ಲ.

ವಕೀಲರ ಪಾತ್ರ ಸಣ್ಣದು, ಆದರೆ ಬೇಕಿತ್ತು. "ಕಳ್ಳನನ್ನ ಕೊಂದರೆ ಸ್ವರಕ್ಷಣೆ ಅಲ್ವಾ?" ಅಂತ ಊರಿನವರು ಕೇಳುತ್ತಾರೆ. ಬರೀ ಕಳ್ಳತನಕ್ಕೆ ಕೊಲ್ಲುವ ಹಕ್ಕು ನಮ್ಮ ಕಾನೂನು ಕೊಟ್ಟಿಲ್ಲ. ದರೋಡೆ, ರಾತ್ರಿ ಮನೆ ಒಡೆಯುವುದು, ಮನೆಗೆ ಬೆಂಕಿ, ಅಥವಾ ಜೀವಕ್ಕೇ ಅಪಾಯ ಅನ್ನಿಸುವಂಥ ಸಂದರ್ಭ ಬೇಕು. ಕಂಬಕ್ಕೆ ಕಟ್ಟಿದವನಿಂದ ಯಾರಿಗೆ ಅಪಾಯ? ಇದೆಲ್ಲ ಐಪಿಸಿ (ಭಾರತೀಯ ದಂಡ ಸಂಹಿತೆ) 103ರಲ್ಲಿತ್ತು. ತಮಾಷೆ ಅಂದರೆ ಅದರ ಬದಲಿಗೆ ಬಂದ ಹೊಸ ಬಿಎನ್‌ಎಸ್‌ನಲ್ಲಿ 103 ಅಂದರೆ ಕೊಲೆಗೆ ಶಿಕ್ಷೆ. ಕಥೆ ಏಪ್ರಿಲ್‌ನದ್ದಾದ್ದರಿಂದ ಎಫ್‌ಐಆರ್‌ನಲ್ಲಿ ಐಪಿಸಿಯ ಕೊಲೆ ಸೆಕ್ಷನ್ 302 ಅಂತಲೇ ಬರೆದೆ. ಓದುಗರಲ್ಲಿ ವಕೀಲರು ಇದ್ದೇ ಇರುತ್ತಾರೆ, ಅಂಥ ಸಣ್ಣದನ್ನೇ ಹಿಡಿಯುತ್ತಾರೆ.

ದೇವರ ವಿಷಯ ಬಿಡಲು ಆಗಲಿಲ್ಲ. ನಮ್ಮ ಕಡೆ ತೋಟದ ಬೇಲಿಯಲ್ಲಿ, ಕಟ್ಟುತ್ತಿರುವ ಮನೆಯ ಎದುರು "ಸಿಗಂದೂರು ಶ್ರೀ ಚೌಡೇಶ್ವರಿ ದೇವಿಯ ಕಾವಲಿದೆ" ಅನ್ನುವ ಬೋರ್ಡ್ ನೋಡಿಯೇ ಇರುತ್ತೀರಿ. ಕಳ್ಳರಿಗೆ ಠಾಣೆಗಿಂತ ಆ ಬೋರ್ಡಿನ ಹೆದರಿಕೆ ಜಾಸ್ತಿ. ನನ್ನ ಹುಡುಗ ಬೋರ್ಡ್ ಇದ್ದ ತೋಟ ಬಿಟ್ಟು ಪಕ್ಕದ್ದಕ್ಕೆ ಇಳಿಯುತ್ತಾನೆ. ಕೊಲೆಯಾದ ಮೇಲೆ ಆಣೆ ಮಾಡಿಸೋಣ ಅಂತ ಸತ್ತವನ ತಾಯಿ ಹಟ ಹಿಡಿಯುತ್ತಾಳೆ. ಪೊಲೀಸರಿಗೆ ಸಲೀಸಾಗಿ ಸುಳ್ಳು ಹೇಳಿದವರು ದೇವಿಯ ಎದುರು ಬರಲು ನೆಪ ಹುಡುಕುತ್ತಾರೆ. ಒಬ್ಬನಿಗೆ ಸೂತಕ, ಇನ್ನೊಬ್ಬನಿಗೆ ಸೊಂಟ ನೋವು. ಯಾರು ಬರಲಿಲ್ಲ ಅಂತ ಎಸ್‌ಐ ದೂರ ನಿಂತು ಸುಮ್ಮನೆ ಬರೆದುಕೊಳ್ಳುತ್ತಾನೆ. ಅದು ಕೋರ್ಟಿಗೆ ಸಾಕ್ಷ್ಯ ಅಲ್ಲ, ಅವನಿಗೆ ದಾರಿ.

ಕೊಂದವರು ಯಾರು ಅಂತ ಹೇಳಲ್ಲ, ಪುಸ್ತಕ ಓದಿ. ಕೆಲವು ಓದುಗರಿಗೆ ಬೇಸರವಾಯಿತು. ಕೊಂದವನನ್ನು ಹೀರೋ ಮಾಡಬೇಕಿತ್ತು ಅಂದರು. ಊರಿನ ಮೇಲೆ ಸಿಟ್ಟು ಬಂತು ಅಂದವರೂ ಇದ್ದಾರೆ. ತಮ್ಮ ಊರಿನಲ್ಲೇ ಹೀಗಾಗಿತ್ತು ಅಂತ ಪಿಸುಗುಟ್ಟಿದವರು ಒಂದಿಬ್ಬರು. ಅವರನ್ನು ಹೆಚ್ಚು ಕೇಳಲು ಹೋಗಲಿಲ್ಲ.

ಈಗ ಸೇತುವೆ ಬಂದಿದೆ. ಜೀಪು ರಾತ್ರಿ ಎಷ್ಟು ಹೊತ್ತಿಗೆ ಬೇಕಾದರೂ ದಾಟುತ್ತದೆ. ಆ ಕಥೆಯನ್ನು ಇವತ್ತಿನ ಕಾಲಕ್ಕೆ ಇಟ್ಟರೆ ಹತ್ತನೇ ಪುಟಕ್ಕೆ ಪೊಲೀಸರು ಅಂಗಳದಲ್ಲಿರುತ್ತಾರೆ. ಹಾಗಾಗಿ ಮುಂದಿನದಕ್ಕೆ ಬೇರೆ ಸಂದು ಹುಡುಕುತ್ತಿದ್ದೇನೆ. ತೋಟಗಳಿಗೆ ಸಿಸಿಟಿವಿ ಬಂದಿದೆ ಅಲ್ವಾ? ಕಳ್ಳನ ಮುಖ ಸ್ಪಷ್ಟವಾಗಿ ಬಿದ್ದಿದೆ, ಕ್ಯಾಮೆರಾ ಹಾಕಿಸಿದ ಯಜಮಾನನೇ ಬೆಳಗಾಗುವುದರೊಳಗೆ ಅದನ್ನು ಅಳಿಸಿದ್ದಾನೆ. ಅಲ್ಲಿಯವರೆಗೆ ಬಂದು ನಿಂತಿದ್ದೇನೆ. ಯಾಕೆ ಅಳಿಸಿದ ಅನ್ನುವುದು ಇನ್ನೂ ಕುದುರಿಲ್ಲ.