ದಪ್ಪ ಕಾದಂಬರಿ ಕೊಯ್ದು ಪಾಳಿಗೆ ಹಚ್ಚಿದ್ದು: ನನ್ನ ಅನುಭವ

ಏಳುನೂರು ಪುಟದ ಕಾದಂಬರಿಯನ್ನು ಬ್ಲೇಡಿನಿಂದ ಕೊಯ್ದು ಆರು ಭಾಗ ಮಾಡಿ ಹಂಚುತ್ತೇನೆ ಅಂದಾಗ ಕಲಬುರಗಿಯ ನಮ್ಮ ಓದುವ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಈಗ ಅದೇ ಜನ ಮುಂದಿನದು ಯಾವಾಗ ಕೊಯ್ತೀರಿ ಅಂತ ಕೇಳುತ್ತಾರೆ. ಬಳಗ ನಡೆಸುವ ಬೇರೆ ಊರಿನ ಗೆಳೆಯರು ಕೆಲವರು ಹೇಗೆ ಮಾಡಿದಿರಿ ಅಂದರು, ಅದಕ್ಕೇ ಬರೆಯುತ್ತಿದ್ದೇನೆ. ಓದು ಯಾಕೆ ಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ, ಸೀದಾ ಕೆಲಸಕ್ಕೆ ಬರುತ್ತೇನೆ.

ಮೊದಲು ನಾನೂ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಕಪಾಟು, ಒಂದು ವಹಿ, ಒಯ್ದವರ ಹೆಸರು ಬರೆದುಕೊಳ್ಳುವುದು. ಮೂವತ್ತು ನಲವತ್ತು ಸಾವಿರದ ಪುಸ್ತಕ ಇಟ್ಟಿರಬಹುದು, ಮೂರರಲ್ಲಿ ಒಂದು ಪಾಲು ವಾಪಸ್ ಬರಲೇ ಇಲ್ಲ. ಆಮೇಲೆ ತಿಂಗಳಿಗೊಮ್ಮೆ ಪಬ್ಲಿಕ್ ಗಾರ್ಡನ್‌ನಲ್ಲಿ ಸೇರಿ ಓದಿದ ಪುಸ್ತಕದ ಬಗ್ಗೆ ಮಾತಾಡೋಣ ಅಂತ ಶುರು ಮಾಡಿದೆವು. ಮೊದಲ ಸಲ ಇಪ್ಪತ್ತು ಮಂದಿ, ಆಮೇಲೆ ಆರು, ಆಮೇಲೆ ನಾನು ಮತ್ತು ಇನ್ನೊಬ್ಬರು. ಸುಸ್ಲಾ ಮಿರ್ಚಿಗೆ ಖರ್ಚಾದ ದುಡ್ಡಿನಲ್ಲಿ ಇನ್ನೊಂದು ಕಪಾಟು ತುಂಬುತ್ತಿತ್ತು. ವಾಟ್ಸಾಪ್ ಗುಂಪೂ ಮಾಡಿ ನೋಡಿದೆ. ಅದರಲ್ಲಿ ಶುಭೋದಯದ ಹೂವು ಬಂದವು, ಕದ್ದ ಪಿಡಿಎಫ್ ಬಂದವು, ಓದಿದ್ದರ ಮಾತು ಮಾತ್ರ ಬರಲಿಲ್ಲ.

ಒಂದು ದಿನ ವಹಿ ತಿರುವಿ ಹಾಕುತ್ತಾ ಕೂತಾಗ ಕಣ್ಣಿಗೆ ಬಿದ್ದದ್ದು ಇದು. ನೂರೈವತ್ತು ಪುಟದೊಳಗಿನ ಪುಸ್ತಕಗಳು ಬೇಗ ವಾಪಸ್ ಬಂದಿವೆ, ತಂದವರು ನಿಂತು ಹತ್ತು ನಿಮಿಷ ಮಾತಾಡಿದ್ದಾರೆ. ತೇಜಸ್ವಿಯವರ ‘ಕರ್ವಾಲೋ’ ನನ್ನ ಕಪಾಟಿನಲ್ಲಿ ಒಂದು ವಾರ ಕೂತದ್ದೇ ಇಲ್ಲ. ದಪ್ಪ ಪುಸ್ತಕಗಳು ಆರು ತಿಂಗಳ ಮೇಲೆ ಬಂದಿವೆ, ಒಳಗೆ ನಲವತ್ತನೆಯ ಪುಟದ ಹತ್ತಿರ ಬಸ್ ಟಿಕೆಟ್ ಸಿಕ್ಕಿಸಿದ್ದು ಹಾಗೇ ಇದೆ. 2020ರ ಫೆಬ್ರುವರಿಯಲ್ಲಿ ನಮ್ಮೂರಲ್ಲಿ 85ನೇ ಸಾಹಿತ್ಯ ಸಮ್ಮೇಳನ ಆಯಿತಲ್ವಾ, ಆಗ ವಿಶ್ವವಿದ್ಯಾಲಯದ ಆವರಣದ ಮಳಿಗೆಗಳಿಂದ ಜನ ಚೀಲಗಟ್ಟಲೆ ಪುಸ್ತಕ ಒಯ್ದರು, ನಾನೂ ಒಯ್ದೆ. ಅದರಲ್ಲಿ ದಪ್ಪನವು ಎಷ್ಟು ಮನೆಗಳಲ್ಲಿ ಇನ್ನೂ ತೆರೆಯದೆ ಕೂತಿವೆಯೋ. ನಮ್ಮ ಜನಕ್ಕೆ ಓದುವ ಮನಸ್ಸಿಲ್ಲ ಅನ್ನುವ ಮಾತನ್ನು ಆವತ್ತೇ ಬಿಟ್ಟೆ. ಮನಸ್ಸಿದೆ, ತೂಕಕ್ಕೆ ಹೆದರುತ್ತಾರೆ ಅಷ್ಟೇ.

ಹಾಗಾಗಿ ಕಂತು. ಒಂದು ಕಾದಂಬರಿ, ಆರು ಕಂತು, ಆರು ಮಂದಿ ಓದುಗರು. ಮೊದಲನೆಯವರು ಒಂದನೇ ಕಂತು ಮುಗಿಸಿ ಎರಡನೆಯವರಿಗೆ ಕೊಟ್ಟು ತಾವು ಎರಡನೇ ಕಂತು ತಗೊಳ್ಳಬೇಕು. ಕಂತಿಗೆ ಹತ್ತು ದಿನ. ಹೀಗೆ ನಡೆದರೆ ಆರೂ ಮಂದಿ ಓದಿ ಮುಗಿಸಲು ನಾಲ್ಕು ತಿಂಗಳು ಸಾಕು. ಇಡೀ ಪುಸ್ತಕವನ್ನೇ ಕೈಯಿಂದ ಕೈಗೆ ಕೊಟ್ಟರೆ, ಒಬ್ಬೊಬ್ಬರು ಎರಡು ತಿಂಗಳು ಹಿಡಿದರೂ ಒಂದು ವರ್ಷ ಹೋಗುತ್ತದೆ. ಅದೂ ಎಲ್ಲರೂ ವಾಪಸ್ ಕೊಟ್ಟರೆ. ನಮ್ಮವರು ಇದಕ್ಕೆ ಪಾಳಿ ಪುಸ್ತಕ ಅಂತಾರೆ.

ಬೈಂಡಿಂಗ್ ಅಂಗಡಿಯವರ ಹತ್ತಿರ ಒಯ್ದೆ. ಅವರು ಪುಸ್ತಕವನ್ನು ಎತ್ತಿ ನೋಡಿ ಮೇಜಿನ ಮೇಲೆ ಇಟ್ಟುಬಿಟ್ಟರು. “ಒಡೆದದ್ದು ಜೋಡಸೋದು ನಮ್ಮ ಕೆಲ್ಸರೀ ಸರ, ಜೋಡಿಸಿದ್ದು ಒಡೆಯೋದಲ್ಲ.” ಬಳಗದ ನಿವೃತ್ತ ಮಾಸ್ತರರು ಇನ್ನೂ ಮುಂದೆ ಹೋದರು. “ಏನ್ರೀ, ಸರಸ್ವತಿ ಕೊರಳಿಗೇ ಬ್ಲೇಡ್ ಇಡ್ಲತ್ತೀರಲ್ಲ!” ಕಾಲು ತಗುಲಿದರೆ ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು, ಅವರಿಗೆ ಹಾಗನಿಸಿದ್ದರಲ್ಲಿ ತಪ್ಪಿಲ್ಲ. ನಾನು ಅವರಿಗೆ ಹೇಳಿದ್ದು ಒಂದೇ. ಹಿಂದೆ ‘ಸುಧಾ’, ‘ತರಂಗ’ದಲ್ಲಿ ಧಾರಾವಾಹಿ ಬಂದಾಗ ನಮ್ಮ ಅವ್ವಂದಿರು ವಾರ ವಾರ ಹಾಳೆ ಕಿತ್ತಿಟ್ಟುಕೊಂಡು, ಮುಗಿದ ಮೇಲೆ ದಬ್ಬಳದಿಂದ ಹೊಲಿದು ಪುಸ್ತಕ ಮಾಡಿ ಓಣಿಯಲ್ಲೆಲ್ಲ ಹಂಚುತ್ತಿರಲಿಲ್ವಾ? ಆಗ ಪತ್ರಿಕೆ ಹರಿದದ್ದು ಯಾರಿಗೂ ಪಾಪ ಅನಿಸಲಿಲ್ಲ. ಮಾಸ್ತರರು ಒಪ್ಪಲಿಲ್ಲ, ಆದರೆ ಸುಮ್ನಾದರು.

ಕೊಯ್ಯುವ ಕೆಲಸ ಕೊನೆಗೆ ನಾನೇ ಮಾಡಿದೆ. ಉಕ್ಕಿನ ಸ್ಕೇಲು, ದೊಡ್ಡ ಕಟರ್, ಹೊಸ ಬ್ಲೇಡು. ಹಳೇ ಬ್ಲೇಡು ಹಾಳೆಯನ್ನು ಕೊಯ್ಯುವುದಿಲ್ಲ, ಎಳೆಯುತ್ತದೆ. ಅಂಟಿನ ಬೈಂಡಿಂಗ್ ಆದರೆ ಎಲ್ಲಿ ಬೇಕಾದರೂ ಬೇರೆ ಮಾಡಬಹುದು. ಹೊಲಿಗೆ ಬೈಂಡಿಂಗ್ ಆದರೆ ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು, ಮುಗಿಯುವ ಕಡೆಯೇ ಬಿಡಿಸಬೇಕು, ಇಲ್ಲದಿದ್ದರೆ ಮಡಿಕೆಯ ಆಚೆಯ ಹಾಳೆಗಳು ಬಿಡಿಯಾಗಿ ಉದುರುತ್ತವೆ. ನಿಜವಾದ ತಲೆನೋವು ಅದಲ್ಲ. ಅಧ್ಯಾಯ ಬಲಗಡೆ ಪುಟದಲ್ಲಿ ಮುಗಿದು ಮುಂದಿನದು ಅದೇ ಹಾಳೆಯ ಹಿಂಬದಿಯಲ್ಲಿ ಶುರುವಾಗಿರುತ್ತದೆ. ಆ ಹಾಳೆ ಯಾವ ಕಂತಿಗೆ? ನಾನು ಆ ಒಂದೇ ಹಾಳೆಯನ್ನು ಝೆರಾಕ್ಸ್ ಮಾಡಿ ಎರಡೂ ಕಡೆ ಸೇರಿಸುತ್ತೇನೆ. ಒಂದು ಪುಸ್ತಕದಲ್ಲಿ ಎರಡು ಮೂರು ಹಾಳೆ ಹೀಗೆ ಬರುತ್ತವೆ, ಅಷ್ಟೇ. ಪೂರ್ತಿ ಪುಸ್ತಕ ಝೆರಾಕ್ಸ್ ಮಾಡಿ ಹಂಚುವ ಐಡಿಯಾ ಯಾರಾದರೂ ಕೊಟ್ಟರೆ ಎದ್ದು ಹೋಗಲು ಹೇಳಿ. ಬರೆದವರ ಹೊಟ್ಟೆಯ ಮೇಲೆ ಹೊಡೆದು ಓದು ಹಂಚುವುದು ಬೇಡ.

ಬೈಂಡಿಂಗ್‌ನಲ್ಲಿ ದುಡ್ಡು ಹೋಯಿತು. ಮೊದಲು ಸ್ಪೈರಲ್ ಹಾಕಿಸಿದೆ, ಒಂದಕ್ಕೆ ಮೂವತ್ತು ನಲವತ್ತು ರೂಪಾಯಿ. ನೋಡಲು ಚೆಂದ, ಆದರೆ ಚೀಲದಲ್ಲಿ ಡಬ್ಬಿಗೆ, ಸೀರೆಗೆ, ಇನ್ನೊಂದು ಸ್ಪೈರಲ್ಲಿಗೆ ಸಿಕ್ಕಿಕೊಂಡು ಕೊನೆಯ ಹತ್ತು ಹಾಳೆ ಹರಿದು ಬಂತು. ಆಮೇಲೆ ಪಕ್ಕ ಹೊಲಿಗೆ ಹಾಕಿದೆ. ಗಟ್ಟಿಯೇನೋ ಗಟ್ಟಿ, ಆದರೆ ಒಳ ಅಂಚು ನುಂಗಿ ಸಾಲಿನ ಮೊದಲಕ್ಷರಗಳು ಕಾಣದಾದವು. ಓದುವವರು ಎರಡೂ ಕೈಯಲ್ಲಿ ಒತ್ತಿ ಹಿಡಿದು ಓದಬೇಕು. ಮೈದಾ ಗಂಜಿಗೆ ಮೈಲುತುತ್ತ ಹಾಕಿ ಹಳೇ ಕಾಲದ ರೀತಿಯಲ್ಲೂ ಅಂಟಿಸಿದೆ. ಹುಳ ಬರಲಿಲ್ಲ ನಿಜ, ಆದರೆ ಬೆನ್ನು ಬಿರುಸಾಗಿ ಬೇಸಿಗೆಯಲ್ಲಿ ಬಿರುಕು ಬಿಟ್ಟಿತು. ನಲವತ್ತಮೂರು ಡಿಗ್ರಿಯಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ ಮಧ್ಯಾಹ್ನವೆಲ್ಲ ಇದ್ದ ಕಂತು ಹೊರಗೆ ಬರುವಾಗ ಬಿಡಿ ಹಾಳೆಯ ಕಟ್ಟಾಗಿತ್ತು.

ಈಗ ಮಾಡುವುದು ಹೀಗೆ. ಹಾಳೆಗಳನ್ನು ಸಮ ಮಾಡಿ ಎರಡು ರಟ್ಟಿನ ನಡುವೆ ಹಿಡಿದು, ಬೆನ್ನಿನ ಅಂಚನ್ನು ಒಂದು ಕಡೆಗೆ ಬಾಗಿಸಿ ತೆಳ್ಳಗೆ ಫೆವಿಕಾಲ್, ಇನ್ನೊಂದು ಕಡೆಗೆ ಬಾಗಿಸಿ ಮತ್ತೆ ತೆಳ್ಳಗೆ. ಹಾಗೆ ಬಾಗಿಸಿದಾಗ ಪ್ರತಿ ಹಾಳೆಯ ಅಂಚಿಗೂ ಕೂದಲೆಳೆಯಷ್ಟು ಅಂಟು ಹೋಗುತ್ತದೆ, ಅದರಲ್ಲೇ ಎಲ್ಲ ಇರುವುದು. ಮೇಲೆ ಕೋರಾ ಬಟ್ಟೆಯ ಪಟ್ಟಿ. ಆಮೇಲೆ ತೊಗರಿ ಬೇಳೆಯ ದೊಡ್ಡ ಡಬ್ಬಿ ಹೇರಿ ರಾತ್ರಿಯೆಲ್ಲ ಬಿಡುವುದು. ಬೇಳೆ ಡಬ್ಬಿಯನ್ನು ಅಡುಗೆಮನೆಯಿಂದ ಎತ್ತಿಕೊಂಡು ಬರುವುದಕ್ಕೆ ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ, ಅದನ್ನೂ ಲೆಕ್ಕದಲ್ಲಿ ಹಿಡಿಯಿರಿ. ಫೆವಿಕಾಲ್‌ಗೆ ಒಂದು ಚೂರು ಇನ್ನೇನೋ ಬೆರೆಸುತ್ತೇನೆ, ಅದನ್ನು ಹೇಳುವುದಿಲ್ಲ. ಆರು ಕಂತಿಗೆ ಸೇರಿ ಸಾಮಾನಿಗೆ ಅರವತ್ತು ಎಪ್ಪತ್ತು ರೂಪಾಯಿ ಬೀಳುತ್ತದೆ. ಕೊಯ್ಯಲು ಒಪ್ಪದ ಆ ಬೈಂಡಿಂಗ್ ಅಂಗಡಿಯವರೇ ಈಗ ಉಳಿದ ರೆಕ್ಸಿನ್ ತುಂಡುಗಳನ್ನು ಪುಕ್ಕಟೆ ಕೊಡುತ್ತಾರೆ.

ಮೊದಲು ಪಾಳಿಗೆ ಹಚ್ಚಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಕಾದಂಬರಿ, ನಮ್ಮ ಕಡೆ ಎಲ್ಲರೂ ಹೆಸರು ಕೇಳಿದ್ದಾರೆ, ಮುಗಿಸಿದವರು ಕಮ್ಮಿ. ಎಲ್ಲಿಯ ಮಲೆನಾಡಿನ ಮಳೆ, ಎಲ್ಲಿಯ ನಮ್ಮ ಬಿಸಿಲು. ಬೇಕಂತಲೇ ಏಪ್ರಿಲ್‌ನಲ್ಲಿ ಶುರು ಮಾಡಿದೆ. ಬೇಸಿಗೆಯಲ್ಲಿ ಇಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆವರೆಗೆ, ಆಮೇಲೆ ಹೊರಗೆ ಕಾಲಿಡುವ ಹಾಗಿಲ್ಲ, ಕೂಲರ್ ಮುಂದೆ ಕೂತು ಮಾಡುವುದೇನು? ಓದಲೇಬೇಕು. ಕಂತು ಕೈ ಬದಲಾಯಿಸುವುದು ಮಾತ್ರ ಸಂಜೆ ಆರರ ಮೇಲೆ, ಅಪ್ಪನ ಕೆರೆ ಹತ್ತಿರ.

ಆ ಕಾದಂಬರಿಯಲ್ಲಿ ಪಾತ್ರಗಳು ಜಾಸ್ತಿ. ಒಂದನೇ ಕಂತಿನಲ್ಲೇ ಇಬ್ಬರು ಸೋತು ಕೈಚೆಲ್ಲುವುದರಲ್ಲಿದ್ದರು. ಯಾರು ಯಾವ ಮನೆಯವರು, ಯಾರು ಯಾರಿಗೆ ಏನಾಗಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಪ್ರತಿ ಕಂತಿನ ಮುಂದೆ ಅಂಟಿಸಿದೆ, ಗಾಡಿ ಮುಂದೆ ಹೋಯಿತು. ಹಿಂದಿನ ರಟ್ಟಿನ ಒಳಗೆ ಖಾಲಿ ಕಾಗದವನ್ನೂ ಅಂಟಿಸಿರುತ್ತೇನೆ, ಪೆನ್ಸಿಲ್‌ನಲ್ಲಿ ಏನು ಬೇಕಾದರೂ ಬರೆಯಬಹುದು. ಎರಡನೇ ಕಂತಿನ ಹಿಂದೆ ಯಾರೋ ಬರೆದಿದ್ದರು: “ಇಲ್ಲಿ ಹೆಸರು ಭಾಳ ಬರ್ತಾವ, ಅಂಜಬ್ಯಾಡ್ರಿ, ಮುಂದ ತಾವೇ ಪರಿಚಯ ಆಗ್ತಾರ.” ಕೆಳಗೆ ಇನ್ನೊಬ್ಬರ ಅಕ್ಷರ: “ನನಗಿನ್ನೂ ಆಗಿಲ್ಲ.” ಸಭೆಯಲ್ಲಿ ಬಾಯಿ ಬಿಡದ ಜನ ಇಲ್ಲಿ ಜಗಳಕ್ಕೇ ನಿಂತರು.

ಕಾದಂಬರಿಯಲ್ಲಿ ನಾಯಿಗುತ್ತಿ ಅನ್ನುವವನ ನಾಯಿ ‘ಹುಲಿಯ’ ಇದೆಯಲ್ಲ, ಅದು ಎಲ್ಲರನ್ನೂ ಹಿಡಿಯಿತು. ನಮ್ಮಲ್ಲಿ ರಾತ್ರಿ ಪಾಳಿಯ ನರ್ಸ್ ಅಕ್ಕ ಒಬ್ಬರಿದ್ದಾರೆ, ಅವರು ಎಲ್ಲರಿಗಿಂತ ಮೊದಲು ಆರನೇ ಕಂತು ಮುಗಿಸಿದರು. ಮೂರನೇ ಕಂತಿನಲ್ಲಿದ್ದ ಆಟೋ ಓಡಿಸುವ ಹುಡುಗ ಅವರಿಗೆ ಫೋನ್ ಮಾಡಿ, “ಅಕ್ಕಾ, ನಾಯಿಗೇನೂ ಆಗಂಗಿಲ್ಲಲ್ಲ?” ಅಂದನಂತೆ. ಅಕ್ಕ “ಓದು ತಮ್ಮಾ” ಅಂತ ಇಟ್ಟುಬಿಟ್ಟರು. ಆ ಹುಡುಗ ಕಂತಿಗೆ ಹತ್ತು ದಿನದ ಕಡೆ ನಾಲ್ಕೇ ದಿನದಲ್ಲಿ ಓದಿ, ಮುಂದಿನವರ ಬೆನ್ನು ಹತ್ತಿ ಮನೆಗೇ ಹೋಗಿ ಕೂತ. ಪುಸ್ತಕ ವಾಪಸ್ ಕೊಡಿ ಅಂತ ನಾನು ಯಾರಿಗೂ ಫೋನ್ ಮಾಡುವುದು ಆವತ್ತಿಗೆ ನಿಂತಿತು. ಹಿಂದಿನವರೇ ಬಂದು ವಸೂಲಿ ಮಾಡುತ್ತಾರೆ.

ಎರಡನೆಯದು ನಮ್ಮೂರಿನದೇ. ಗೀತಾ ನಾಗಭೂಷಣ ಅವರ ‘ಬದುಕು’, 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಇಲ್ಲಿಯ ಮಾತಿನಲ್ಲೇ ಇರುವುದರಿಂದ ಇದು ಸಲೀಸು ಅಂದುಕೊಂಡಿದ್ದೆ. ಓಡಿದ್ದೇನೋ ಓಡಿತು, ಆದರೆ ಕೆಲವು ಮನೆಗಳಲ್ಲಿ ಕಂತು ವಾಪಸ್ ಬರುವುದು ತಡ. ಕೇಳಿದರೆ, ಅತ್ತೆ ಓದ್ಲತ್ತಾಳ್ರಿ, ಪಕ್ಕದ ಮನೆಯವರು ಒಯ್ದಾರ್ರಿ. ಆರು ಮಂದಿಯ ಪಾಳಿಯಲ್ಲಿ ಲೆಕ್ಕಕ್ಕಿಲ್ಲದ ಇನ್ನೂ ಹತ್ತು ಮಂದಿ ಓದಿದರು. ಇಂಥ ತಡಕ್ಕೆ ನಾನು ದಂಡ ಹಾಕುವುದಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ. ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ದಲ್ಲಿ ಕಥೆ ಒಮ್ಮೆ ತೇಜೋ ನದಿ ದಡದ ಲಿಸ್ಬನ್‌ನಲ್ಲಿ, ಒಮ್ಮೆ ವಿಜಯನಗರದ ಕಡೆ ನಡೆದು ಗೋವೆಯ ಹತ್ತಿರ ಕೂಡುತ್ತದೆ. ನಾನು ನದಿಗೊಂದರಂತೆ ಬೇರೆ ಮಾಡಿ, ಲಿಸ್ಬನ್ ಭಾಗ ಒಬ್ಬರಿಗೆ, ತುಂಗಭದ್ರೆಯ ಭಾಗ ಇನ್ನೊಬ್ಬರಿಗೆ ಕೊಟ್ಟೆ. ಒಬ್ಬರಿಗೊಬ್ಬರು ತಮ್ಮ ಅರ್ಧ ಕಥೆ ಹೇಳಿಕೊಂಡು ಆಮೇಲೆ ಗೋವೆಯದನ್ನು ಒಟ್ಟಿಗೆ ಓದಬೇಕು. ಗಂಡ ಹೆಂಡತಿಗೆ ಕೊಟ್ಟಾಗ ಭರ್ಜರಿಯಾಗಿ ನಡೆಯಿತು, ಮನೆಯಲ್ಲಿ ಟಿವಿ ಬಂದ್ ಆಗಿತ್ತಂತೆ. ಇಬ್ಬರು ಗೆಳೆಯರಿಗೆ ಕೊಟ್ಟಾಗ ಇಬ್ಬರೂ ಹೇಳುವವರೇ, ಕೇಳುವವರಿಲ್ಲ, ಅಲ್ಲಿಗೇ ಕೆಟ್ಟಿತು. ಮತ್ತೆ ಮಾಡುತ್ತೇನೆ, ಗಂಡ ಹೆಂಡತಿಗೆ ಮಾತ್ರ.

ಪಾಳಿ ಮುರಿಯುವುದು ಎಲ್ಲಿ ಅಂದರೆ ನಡುವೆ. ಮೂರನೆಯವರು ಬಿಟ್ಟರೆ ಹಿಂದಿನವರೆಲ್ಲ ನಿಂತರು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಗೆ ಹೊಲಕ್ಕೆ ಹೋಗುವವರನ್ನು ಸೇರಿಸಿಕೊಳ್ಳಲೇಬೇಡಿ, ಅವರಿಗೆ ಯುಗಾದಿ ಆದ ಮೇಲೆ ಕೊಡಿ. ಮಾತು ಜಾಸ್ತಿ ಇರುವವರನ್ನು ಕೊನೆಗೆ ನಿಲ್ಲಿಸಿ, ಮೊದಲಿಗೆ ಬಿಟ್ಟರೆ ಮುಂದಿನ ಕಥೆಯನ್ನೆಲ್ಲ ಹೇಳಿಬಿಡುತ್ತಾರೆ. ಮೂರನೇ ಜಾಗಕ್ಕೆ ಎಂಥವರು ಬೇಕು ಅನ್ನುವುದು ನನಗೆ ಗೊತ್ತು. ಅದನ್ನು ನೀವು ಎರಡು ಪಾಳಿ ಮುರಿಸಿಕೊಂಡು ಕಲಿಯಿರಿ, ನಾನೂ ಹಾಗೇ ಕಲಿತದ್ದು.

ದುಡ್ಡಿನ ಲೆಕ್ಕ. ತಲೆಗೆ ನೂರು ರೂಪಾಯಿ ಡಿಪಾಸಿಟ್, ಆರನೇ ಕಂತು ಕೊಟ್ಟ ದಿನ ವಾಪಸ್. ನಡುವೆ ಬಿಟ್ಟವರ ನೂರು ಮುಂದಿನ ಪುಸ್ತಕಕ್ಕೆ. ಈ ನಿಯಮ ಬಂದ ಮೇಲೆ ಬಿಟ್ಟವರು ಬೆರಳೆಣಿಕೆ, ಕಳೆದುಹೋದದ್ದು ಒಂದೇ ಕಂತು. ಆಗ ಅದೇ ಪುಸ್ತಕದ ಇನ್ನೊಂದು ಪ್ರತಿ ಕೊಂಡು ಬೇಕಾದ ಭಾಗವನ್ನು ಕೊಯ್ಯಬೇಕಾಯಿತು, ಐದು ನೂರರ ಹತ್ತಿರ ಹೋಯಿತು, ಉಳಿದ ಐದು ಕಂತು ಹೆಚ್ಚುವರಿಯಾಗಿ ಕೂತಿವೆ. ಪುಸ್ತಕ ಕೊಳ್ಳುವುದನ್ನು ನವೆಂಬರ್‌ಗೆ ಇಟ್ಟುಕೊಳ್ಳಿ. ರಾಜ್ಯೋತ್ಸವದ ರಿಯಾಯಿತಿಯಲ್ಲಿ ಚೆನ್ನಾಗಿ ಉಳಿಯುತ್ತದೆ.

ಯಾದಗಿರಿಗೆ ವರ್ಗವಾಗಿ ಹೋದ ಒಬ್ಬರು ಪಾಳಿ ಬಿಡಲು ಒಪ್ಪಲಿಲ್ಲ. ಮೊದಲು ಅಂಚೆಯಲ್ಲಿ ಪುಸ್ತಕಕ್ಕೆ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು, 2024ರ ಡಿಸೆಂಬರ್‌ನಲ್ಲಿ ಅದು ನಿಂತುಹೋಯಿತು. ಸ್ವಲ್ಪ ದಿನ ಬಸ್ಸಿನಲ್ಲಿ ಹೋಗಿ ಬರುವವರ ಕೈಯಲ್ಲಿ ಕಳಿಸಿದೆ. 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಬಂದಿದೆ, ಮುನ್ನೂರು ಗ್ರಾಂವರೆಗೆ ಇಪ್ಪತ್ತು ರೂಪಾಯಿ, ಮೇಲೆ ತೆರಿಗೆ. ನೂರಿಪ್ಪತ್ತು ಪುಟದ ಕಂತು ಆ ತೂಕದೊಳಗೇ ಆರಾಮಾಗಿ ಕೂರುತ್ತದೆ. ರಟ್ಟು ಮಾತ್ರ ತೆಳ್ಳಗಿನದು ಹಾಕಿ.

ಬೀದರ್ ರೈಲಿನಲ್ಲಿ ಓಡಾಡುವ ನಾಲ್ಕೈದು ಮಂದಿ ಈಗ ತಮ್ಮದೇ ಪಾಳಿ ಕಟ್ಟಿಕೊಂಡಿದ್ದಾರೆ, ಆ ಹೆಚ್ಚುವರಿ ಐದು ಕಂತು ಅವರಿಗೆ ಕೊಟ್ಟೆ. ಇಲ್ಲದ ಕಂತನ್ನು ನಮ್ಮ ಸೆಟ್ಟಿನಿಂದ ಎರವಲು ಒಯ್ಯುತ್ತಾರೆ. ಮಾಸ್ತರರು ಮೂರನೇ ಪುಸ್ತಕದಿಂದ ಪಾಳಿಗೆ ಬಂದಿದ್ದಾರೆ. ಕೊಯ್ಯುವಾಗ ಮಾತ್ರ ಮನೆಗೆ ಬರುವುದಿಲ್ಲ, ಬೈಂಡಿಂಗ್ ಒಣಗಿದ ಮೇಲೆ ಬರುತ್ತಾರೆ.