ಆಫೀಸ್ ಸರ್ವರ್ ಫುಲ್ ಆಗ್ತಿದ್ಯಾ? ಹೊಸ ಡಿಸ್ಕ್ ತಗೊಳೋಕ್ ಮುಂಚೆ ಇದನ್ನ ನೋಡಿ

ಹತ್ತು ಹದಿನೈದು ಸಿಸ್ಟಮ್ ಇರೋ ಆಡಿಟರ್ ಆಫೀಸ್‌ಗಳಲ್ಲಿ ಸರ್ವರ್ ಡ್ರೈವ್ ಕೆಂಪಗಾದ ತಕ್ಷಣ ಇನ್ನೊಂದು ಹಾರ್ಡ್ ಡಿಸ್ಕ್ ತಂದು ಸಿಕ್ಕಿಸ್ಬಿಡ್ತಾರೆ. ಮೊದ್ಲು ಏನು ತುಂಬಿದೆ ನೋಡಿ. ವಿನ್‌ಡಿರ್‌ಸ್ಟ್ಯಾಟ್ (WinDirStat) ಅನ್ನೋ ಸಾಫ್ಟ್‌ವೇರ್ ಫ್ರೀ ಸಿಗತ್ತೆ, ರನ್ ಮಾಡಿದ್ರೆ ಯಾವ ಫೋಲ್ಡರ್ ಎಷ್ಟು ಜಾಗ ತಿಂತಿದೆ ಅಂತ ಕಣ್ಣಿಗೇ ಕಾಣತ್ತೆ. ಟ್ಯಾಲಿ ಬ್ಯಾಕಪ್ ಮೇಲೆ ಬ್ಯಾಕಪ್, ಕೆಲ್ಸ ಬಿಟ್ಟು ಹೋದವ್ರ ಡೆಸ್ಕ್‌ಟಾಪ್ ಕಾಪಿ, 600 ಡಿಪಿಐ ಕಲರಲ್ಲಿ ಸ್ಕ್ಯಾನ್ ಮಾಡಿದ ಬಿಲ್ಲು, ಜಾಸ್ತಿ ಇವೇ ಇರತ್ವೆ. ಬಿಲ್ಲು ಓದೋಕೆ 200 ಡಿಪಿಐ ಗ್ರೇ ಸಾಕು, ಪಿಕ್ಸೆಲ್ಲೇ 9ರಲ್ಲಿ 1 ಭಾಗಕ್ಕೆ ಇಳಿಯತ್ತೆ.

ಹಾಗಂತ ಹಳೇದು ಅಂತ ಅಳಿಸೋಕೆ ಹೋಗ್ಬೇಡಿ. ಕಂಪನಿ ಕಾಯ್ದೆ 2013ರ ಪ್ರಕಾರ ಹಿಂದಿನ 8 ಹಣಕಾಸು ವರ್ಷದ ಲೆಕ್ಕ ಇಟ್ಕೊಂಡಿರ್ಬೇಕು, ಜಿಎಸ್‌ಟಿ ದಾಖಲೆ ಆ ವರ್ಷದ ಆನ್ಯುವಲ್ ರಿಟರ್ನ್ ಡ್ಯೂ ಡೇಟಿಂದ 72 ತಿಂಗಳು. ಮುಗಿದ ವರ್ಷದ್ದನ್ನೆಲ್ಲ ಆರ್ಕೈವ್ ಅಂತ ಬೇರೆ ಶೇರ್ಡ್ ಫೋಲ್ಡರ್‌ಗೆ ಹಾಕಿ ರೀಡ್ ಓನ್ಲಿ ಮಾಡಿ.

ಆಮೇಲೆ ಪ್ರತಿ ತಿಂಗಳು ಒಂದನೇ ತಾರೀಕು ಎಷ್ಟು ಜಿಬಿ ಆಗಿದೆ ಅಂತ ಎಕ್ಸೆಲ್‌ನಲ್ಲಿ ಬರೆದಿಡಿ, ಆರು ತಿಂಗಳಲ್ಲಿ ಬೆಳೆಯೋ ಲೆಕ್ಕ ಸಿಗತ್ತೆ, ಮೂರು ವರ್ಷಕ್ಕೆ ಆಗೋಷ್ಟು ನೋಡಿ ತಗೊಳ್ಳಿ.

ನಾಸ್ (ನೆಟ್‌ವರ್ಕಲ್ಲಿ ಎಲ್ರೂ ಬಳಸೋ ಡಿಸ್ಕ್ ಪೆಟ್ಟಿಗೆ) ತಗೊಳೋದಾದ್ರೆ ನಾಲ್ಕು ಬೇ, ಅಂದ್ರೆ ನಾಲ್ಕು ಡಿಸ್ಕ್ ಹಾಕೋ ಜಾಗ, ಇರೋದೇ ವಾಸಿ. 4 ಟಿಬಿ ಡಿಸ್ಕ್ ನಾಲ್ಕು ಹಾಕಿದ್ರೆ 16 ಸಿಗಲ್ಲ, ಡಿಸ್ಕ್ ಕೆಟ್ರೂ ಡೇಟಾ ಉಳಿಯೋ ಹಾಗೆ ಹಂಚಿಡೋ ರೇಡ್ ವ್ಯವಸ್ಥೆಗೇ ಸ್ವಲ್ಪ ಜಾಗ ಹೋಗತ್ತೆ: ರೇಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ರೂ ನಡೆಯತ್ತೆ) 12, ರೇಡ್ 6ರಲ್ಲಿ (ಎರಡು ಕೆಟ್ರೂ ನಡೆಯತ್ತೆ) 8, ಅದೂ ವಿಂಡೋಸಲ್ಲಿ ಆ 12 ಬರೀ 10.9 ಅಂತ ತೋರ್ಸತ್ತೆ. ಡಿಸ್ಕ್ ಸಿಎಮ್‌ಆರ್ (ಡೇಟಾ ಸಾಲುಗಳನ್ನ ಪಕ್ಕಪಕ್ಕದಲ್ಲಿ ಬರೆಯೋದು) ಇರ್ಲಿ, ಎಸ್‌ಎಮ್‌ಆರ್ (ಸಾಲುಗಳನ್ನ ಒಂದರ ಮೇಲೊಂದು ಹೊದಿಸಿ ಬರೆಯೋದು) ಡಿಸ್ಕಾದ್ರೆ ಒಂದು ಕೆಟ್ಟು ಬದ್ಲಾಯಿಸ್ದಾಗ ರೀಬಿಲ್ಡ್ (ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬೋದು) ಮುಗಿಯೋದೇ ಇಲ್ಲ ಅನ್ನೋ ಹಾಗೆ ಎಳೆಯತ್ತೆ.

ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನಂಗೆ ನಿಜವಾಗ್ಲೂ ಭಯ ಆಗತ್ತೆ. ರೇಡ್ ಕಾಪಾಡೋದು ಡಿಸ್ಕ್ ಹೋದಾಗ ಮಾತ್ರ, ಯಾರೋ ಫೋಲ್ಡರ್ ಡಿಲೀಟ್ ಮಾಡಿದ್ರೆ ಅಥವಾ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದ್ರೆ ಎಲ್ಲಾ ಡಿಸ್ಕಲ್ಲೂ ಒಟ್ಟಿಗೇ ಹೋಗತ್ತೆ. ಸ್ನ್ಯಾಪ್‌ಶಾಟ್ (ಫೈಲ್‌ಗಳು ಆಗಾಗ ಹೇಗಿದ್ವು ಅಂತ ಹಿಡಿದಿಡೋದು) ಆನ್ ಮಾಡಿ, ಒಂದು ಕಾಪಿ ಯುಎಸ್‌ಬಿ ಡಿಸ್ಕಲ್ಲಿ ತೆಗೆದು ಕೇಬಲ್ ಕಿತ್ತಿಡಿ, ಇನ್ನೊಂದು ಆಫೀಸಿಂದ ಹೊರಗೆ ಇರ್ಲಿ. ಮೂರು ತಿಂಗಳಿಗೊಮ್ಮೆ ಯಾವ್ದಾದ್ರೂ ಒಂದು ಫೋಲ್ಡರ್ ರಿಸ್ಟೋರ್ ಮಾಡಿ ಫೈಲ್ ತೆಗೆದು ನೋಡಿ, ಓಪನ್ ಆಗ್ದೇ ಇದ್ರೆ ಆ ಬ್ಯಾಕಪ್ ನಂಬ್ಕೊಂಡು ಕೂತ್ಕೋಬೇಡಿ.

ಸಿಸ್ಟಮ್‌ಗಳನ್ನ ಜೋಡಿಸೋ ನೆಟ್‌ವರ್ಕ್ ಸ್ವಿಚ್ಚೂ ನೋಡಿ, 100 ಎಮ್‌ಬಿಪಿಎಸ್‌ದಾದ್ರೆ 1 ಟಿಬಿ ಕಾಪಿಗೆ ಹೆಚ್ಚುಕಮ್ಮಿ ಒಂದು ದಿನ, ಗಿಗಾಬಿಟ್ ಆದ್ರೆ ಎರಡೂವರೆ ಮೂರು ಗಂಟೆ. ಕ್ಯಾಟ್ 5ಇ ಕೇಬಲ್ ಇದ್ರೆ ಸ್ವಿಚ್ ಒಂದೇ ಬದ್ಲಾಯಿಸಿದ್ರೆ ಸಾಕು.